ಹತ್ತರ ಮಗಳು, ಇಪ್ಪತ್ತರ ಖಾತೆ

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸ್. ಅವರ ಕಾಕಾನ ಮಗ ಹುಟ್ಟಿದ ವರ್ಷ 2004 ಅಂತ ಹಾಕಿ ನನ್ನ ಫೋನಿನ್ಯಾಗ ಇನ್‌ಸ್ಟಾಗ್ರಾಮ್ ಖಾತೆ ತೆಗೆದು ಕೊಟ್ಟಾನ. ಬರೇ ಡ್ಯಾನ್ಸ್ ರೀಲ್ಸ್ ನೋಡತಾಳ. ಇರಲಿ ಬಿಡೂಣೇನ್ರಿ?
— ಒಬ್ಬ ತಾಯಿ, ಜಮಖಂಡಿ

ಉತ್ತರ: ಬೇಡ ತಾಯಿ, ತೆಗೆಸಿಬಿಡಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೂರಕ್ಕೂ ಕನಿಷ್ಠ ವಯಸ್ಸು 13. ಆದರೆ ನಿಮ್ಮ ಮನೆಯಲ್ಲಿ ಹೆಚ್ಚಿನ ಅಪಾಯ ಆ 2004ರದ್ದು. ಹದಿಹರೆಯದವರ ಖಾತೆಗೆ ಇನ್‌ಸ್ಟಾಗ್ರಾಮ್ ತಾನಾಗಿಯೇ ಕೆಲವು ಬೇಲಿ ಹಾಕುತ್ತದೆ: ಖಾತೆ ಖಾಸಗಿಯಾಗಿರುತ್ತದೆ, ಅಪರಿಚಿತರು ಮೆಸೇಜ್ ಕಳಿಸಲಾಗದು, ರಾತ್ರಿ 10ರಿಂದ ಬೆಳಗಿನ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16 ತುಂಬದವರು ಇದನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. 2004 ಎಂದು ಬರೆದ ಮೇಲೆ ನಿಮ್ಮ ಮಗಳಿಗೆ ಇದಾವುದೂ ಸಿಗದು. ಮುಂದೆ ಅವಳಿಗೆ ನಿಜವಾಗಿ 13 ತುಂಬಿದಾಗಲೂ ಆ ಖಾತೆಯ ಲೆಕ್ಕದಲ್ಲಿ ಅವಳು ಇಪ್ಪತ್ತು ದಾಟಿದವಳೇ. ಅಣ್ಣ ಮಾಡಿದ್ದು ಪ್ರೀತಿಯಿಂದಲೇ ಇರಬಹುದು, ಆದರೂ ಅವನಿಗೆ ಇದನ್ನು ತಿಳಿಸಿ ಹೇಳಿ.

ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಖಾತೆ ಹೋಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಸೆಂಟರ್, ಪರ್ಸನಲ್ ಡೀಟೇಲ್ಸ್, ಅಕೌಂಟ್ ಓನರ್‌ಶಿಪ್, ಕೊನೆಗೆ ಡಿಲೀಟ್ ಒತ್ತಿ. ಅಲ್ಲಿ ‘ಡಿಆ್ಯಕ್ಟಿವೇಟ್’ ಕೂಡ ಇರುತ್ತದೆ. ಅದು ಖಾತೆಯನ್ನು ಮರೆಮಾಡುತ್ತದೆ ಅಷ್ಟೇ, ಅಳಿಸುವುದಿಲ್ಲ. ಡಿಲೀಟ್ ಒತ್ತಿ 30 ದಿನದೊಳಗೆ ಯಾರಾದರೂ ಲಾಗಿನ್ ಆಗಿ ಖಾತೆ ಉಳಿಸಿಕೊಂಡರೆ ಎಲ್ಲ ಮೊದಲಿನಂತೆಯೇ. ಹಾಗಾಗಿ ಮೊದಲು ಪಾಸ್‌ವರ್ಡ್ ಬದಲಿಸಿ. ಅದಕ್ಕೂ ಮುಂಚೆ ಮೆಸೇಜ್ ಡಬ್ಬಿ ತೆರೆದು ನೋಡಿ. ಗುರುತಿಲ್ಲದವರು ಫೋಟೊ ಕೇಳಿದ್ದರೆ ಅವರ ಹೆಸರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಮಗಳನ್ನು ಬೈಯಬೇಡಿ. ಬೈಸಿಕೊಂಡ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಡ್ಯಾನ್ಸ್ ನೋಡಲಿ, ಆದರೆ ನಿಮ್ಮ ಪಕ್ಕದಲ್ಲಿ ಕೂತು. ಫೋನ್ ಒಂದೇ ಇದ್ದರೆ ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಆನ್ ಮಾಡಿ, ಹೊರಬರಲು ಪಿನ್ ಕೇಳುವಂತೆ ಇಡಿ. ವಿಡಿಯೊದ ಆ್ಯಪನ್ನು ಪಿನ್ ಮಾಡಿ ಕೊಟ್ಟರೆ ಅದನ್ನು ಬಿಟ್ಟು ಬೇರೆ ಆ್ಯಪಿಗೆ ಜಿಗಿಯಲಾಗದು. ಹಳೆಯ ಫೋನ್ ಕೊಡುವುದಾದರೆ ಅದರಲ್ಲಿರುವ ನಿಮ್ಮ ಗೂಗಲ್ ಖಾತೆ ತೆಗೆದು, ನಿಜವಾದ ಹುಟ್ಟಿದ ದಿನಾಂಕ ಹಾಕಿ ಮಗಳ ಹೆಸರಲ್ಲಿ ಖಾತೆ ಮಾಡಿ, ಮಕ್ಕಳ ಫೋನ್ ಮೇಲೆ ಪೋಷಕರು ನಿಗಾ ಇಡುವ ಗೂಗಲ್‌ನ ಆ್ಯಪ್ ಫ್ಯಾಮಿಲಿ ಲಿಂಕ್‌ಗೆ ಜೋಡಿಸಿ. ಅದರಲ್ಲಿ ಇನ್‌ಸ್ಟಾಗ್ರಾಮ್ ಆ್ಯಪ್ ತಡೆದರೆ ಸಾಲದು. ಕ್ರೋಮ್‌ನಲ್ಲಿ ಅದರ ವೆಬ್‌ಸೈಟ್ ತೆರೆಯುತ್ತದೆ, ಅದನ್ನೂ ತಡೆಪಟ್ಟಿಗೆ ಸೇರಿಸಿ.

ಪ್ರಶ್ನೆ: ಶಾಲಿ ಹೋಮ್‌ವರ್ಕ್ ವಾಟ್ಸಾಪ್‌ನ್ಯಾಗ ಬರತೈತಿ. ಮಗಗ ಒಂಬತ್ತು ವರ್ಷ. ಅವನ ಹೆಸರಿಲೆ ಬ್ಯಾರೆ ನಂಬರ್ ತಗೋಬೇಕೇನು?
— ಓದುಗರು, ಇಂಡಿ

ಉತ್ತರ: ಬೇಡ, ವಾಟ್ಸಾಪ್‌ಗೂ 13ರ ನಿಯಮ ಇದೆ. ಗ್ರೂಪಿನಲ್ಲಿ ನಿಮ್ಮ ನಂಬರೇ ಇರಲಿ, ಬಂದ ಹೋಮ್‌ವರ್ಕನ್ನು ನೋಟ್‌ಬುಕ್ಕಿಗೆ ಬರೆದು ಕೊಡಿ. ಸೆಟ್ಟಿಂಗ್ಸ್, ಪ್ರೈವೆಸಿ, ಗ್ರೂಪ್ಸ್‌ನಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಆಯ್ದರೆ ಅಪರಿಚಿತರು ನಿಮ್ಮನ್ನು ಕಂಡಕಂಡ ಗುಂಪಿಗೆ ಎಳೆಯಲಾರರು. ಪ್ರೊಫೈಲ್ ಫೋಟೊಕ್ಕೂ ಅದೇ ಆಯ್ಕೆ ಮಾಡಿ. ಶಾಲೆಯ ಹೆಸರಿರುವ ಯೂನಿಫಾರ್ಮ್‌ನಲ್ಲಿ ಮಗನ ಫೋಟೊ ಸ್ಟೇಟಸ್‌ಗೆ ಹಾಕುವ ರೂಢಿ ಇದ್ದರೆ ಇಂದೇ ಬಿಡಿ.