ಬಚ್ಚಲಿನ ಗೀಸರ್ ಯಾವ ಊರಿನದು?

ಪ್ರಶ್ನೆ: ಗೀಸರ್ ಅನ್ನೋದು ಐಸ್‌ಲ್ಯಾಂಡಿನ ಪದ ಅಂತ ಮಗಳು ವಾದ ಮಾಡುತ್ತಾಳೆ. ಹೆಸರಲ್ಲೇ ಐಸ್ ಇರುವ ದೇಶಕ್ಕೂ ಬಿಸಿನೀರಿಗೂ ಏನು ಸಂಬಂಧ? ಸುಮ್ನೆ ಹೇಳ್ತಿದ್ದಾಳಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಮಗಳೇ ಗೆದ್ದಳು ಸ್ವಾಮಿ. ಆ ದೇಶದಲ್ಲಿ ಐಸ್ ಎಷ್ಟಿದೆಯೋ ಜ್ವಾಲಾಮುಖಿಗಳ ಕಾವೂ ಅಷ್ಟೇ ಇದೆ. ನೈಋತ್ಯ ಭಾಗದ ಹೌಕದಾಲುರ್ ಕಣಿವೆಯಲ್ಲಿ ಕುದಿನೀರು ಚಿಮ್ಮಿಸುವ ಒಂದು ಬುಗ್ಗೆ ಇದೆ. ಅದರ ಹೆಸರು ಗೇಸಿರ್. ‘ಗೇಸಾ’ ಅಂದರೆ ರಭಸದಿಂದ ನುಗ್ಗು. ಗೇಸಿರ್ ಅಂದರೆ ನುಗ್ಗುವವನು.

18ನೇ ಶತಮಾನದಲ್ಲಿ ಅಲ್ಲಿಗೆ ಹೋಗಿಬಂದ ಇಂಗ್ಲಿಷರು ಈ ಹೆಸರನ್ನು ಊರಿಗೆ ತಂದರು. ಆಮೇಲೆ ಎಲ್ಲಿ ಬಿಸಿನೀರು ಚಿಮ್ಮಿದರೂ ಅವರಿಗೆ ಅದು ಗೀಸರ್. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ, ಅದಕ್ಕೂ ಇದೇ ಹೆಸರಿಟ್ಟ. ಕಸುಬಿನಲ್ಲಿ ಅವನು ಪೇಂಟರ್! ಬ್ರಿಟಿಷರು ಈಗ ಬಾಯ್ಲರ್ ಅನ್ನುವುದೇ ಜಾಸ್ತಿ. ನಾವೂ ದಕ್ಷಿಣ ಆಫ್ರಿಕಾದವರೂ ಗೀಸರ್ ಬಿಟ್ಟಿಲ್ಲ.

ತಮಾಷೆ ಏನು ಗೊತ್ತಾ? ಐಸ್‌ಲ್ಯಾಂಡಿನವರಿಗೆ ಗೇಸಿರ್ ಅಂದರೆ ಆ ಒಂದೇ ಬುಗ್ಗೆ. ಮಿಕ್ಕ ಚಿಮ್ಮುಬುಗ್ಗೆಗಳೆಲ್ಲ ‘ಗೋಸ್‌ಹ್ವೆರ್’. ‘ಗೋಸ್’ ಅಂದರೆ ಚಿಮ್ಮುವುದು. ‘ಹ್ವೆರ್’ ಅಂದರೆ ಈಗ ಬಿಸಿನೀರ ಬುಗ್ಗೆ; ಹಳೆಯ ಅರ್ಥ ಹಂಡೆ. ಬಚ್ಚಲೊಲೆಗೆ ತೆಂಗಿನ ಗರಿ ತುರುಕಿ, ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿಕೊಂಡು ಬೆಳೆದವನು ನಾನು. ಹಾಗಾಗಿ ನನಗೆ ಗೀಸರ್‌ಗಿಂತ ಈ ಪದವೇ ಇಷ್ಟ. ಇನ್ನೊಂದು ಕಾರಣವೂ ಉಂಟು. ಹೋಮಕ್ಕೆ ಚರು ಬೇಯಿಸುತ್ತಾರಲ್ಲ, ಆ ಸಂಸ್ಕೃತದ ‘ಚರು’ವಿಗೂ ಮೊದಲ ಅರ್ಥ ಪಾತ್ರೆ ಅಂತಲೇ. ಆಮೇಲೆ ಅದರಲ್ಲಿ ಬೆಂದ ಅನ್ನಕ್ಕೂ ಆ ಹೆಸರು ಅಂಟಿತು. ಚರು, ಹ್ವೆರ್ ಎರಡೂ ಒಂದೇ ಬೇರಿನ ಪದಗಳು ಅನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಐಸ್‌ಲ್ಯಾಂಡಿನ ಭಾಷೆಯೂ ಸಂಸ್ಕೃತವೂ ದೂರದ ದಾಯಾದಿಗಳು ತಾನೇ.

ಅಂದಹಾಗೆ, ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್ ನಗರದ ಮನೆಗಳಿಗೆ ನೆಲದಡಿಯ ಬಿಸಿನೀರು ಪೈಪಿನಲ್ಲೇ ಬರುತ್ತದೆ. ಮನೆ ಬೆಚ್ಚಗಿಡುವುದೂ ಅದೇ ನೀರು. ಕರೆಂಟ್ ಹೋದರೆ ಸ್ನಾನ ತಪ್ಪುವ ನಮ್ಮ ಪಾಡು ಅವರಿಗಿಲ್ಲ.

ಆದರೆ ಆ ಮೂಲ ಗೇಸಿರ್ ಈಗ ಚಿಮ್ಮುವುದು ತೀರಾ ಅಪರೂಪ. ಪಕ್ಕದಲ್ಲೇ ಇರುವ ಸ್ಟ್ರೋಕ್ಕುರ್ ಮಾತ್ರ ಆರರಿಂದ ಹತ್ತು ನಿಮಿಷಕ್ಕೊಮ್ಮೆ 15–20 ಮೀಟರ್ ಎತ್ತರಕ್ಕೆ ನೀರು ಹಾರಿಸುತ್ತದೆ. ಆ ಹೆಸರಿನ ಅರ್ಥ ಬೆಣ್ಣೆ ಕಡೆಯುವ ಪಾತ್ರೆ. ಗೇಸಿರ್ ನೋಡಲು ಹೋದವರು ಫೋಟೊ ತೆಗೆದುಕೊಂಡು ಬರುವುದು ಬಹುತೇಕ ಇದರದ್ದೇ.