ಜೀವನಾಂಶದ ಕಚೇರಿಯಲ್ಲಿ ಮೇಲ್ವಿಚಾರಣೆ: ಹೊರಟು ನಿಂತ ತಂಗಿಗೆ ಒಂದು ಉತ್ತರ

ತಂಗಿ,

ಕಳೆದ ಭಾನುವಾರ ನೀವು ದಾವಣಗೆರೆಯ ಪಿ.ಜೆ. ಬಡಾವಣೆಯ ನನ್ನ ತಾಯಿಯ ಮನೆಗೆ ಬಂದು ಕೇಳಿದ ಪ್ರಶ್ನೆಗೆ, ಸುತ್ತ ಕೂತಿದ್ದ ನೆಂಟರ ಮಾತಿನ ನಡುವೆ, ನಾನು ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ನಿಮ್ಮ ಅಣ್ಣ ಹದಿನೈದು ವರ್ಷಗಳಿಗೂ ಹಿಂದೆ ಹಾಕಿದ್ದ ಅರ್ಜಿ ಈಗ ಫಲಿಸಿ, ನೀವು ಕುಟುಂಬ ಸಮೇತ ಕ್ಯಾಲಿಫೋರ್ನಿಯಾಕ್ಕೆ ಹೊರಟು ನಿಂತಿದ್ದೀರಿ. ಜಗಳೂರು ತಾಲ್ಲೂಕಿನಲ್ಲಿ ಇಷ್ಟು ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದ ನಿಮಗೆ ಅಲ್ಲಿ ನನ್ನಂಥ ಕೆಲಸ ಸಿಕ್ಕೀತೇ, ಸಿಕ್ಕರೆ ಅಲ್ಲಿಯ ಸಿಬ್ಬಂದಿ ನಮ್ಮಂಥವರ ಮಾತು ಕೇಳುತ್ತಾರೆಯೇ, ಅವರನ್ನು ನಡೆಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಅಲ್ಲಿಯ ಚಳಿ, ಬಾಡಿಗೆ, ಮಕ್ಕಳ ಶಾಲೆಯ ವಿಷಯವನ್ನು ನಿಮ್ಮ ಅಣ್ಣನೇ ಹೇಳಿಯಾರು. ನಾನು ನನ್ನ ಕಚೇರಿಯ ಮಾತನ್ನಷ್ಟೇ ಬರೆಯುತ್ತೇನೆ.

ನಾನು ಸೂಪರ್‌ವೈಸರ್ ಆಗಿ ಕೆಲಸ ಮಾಡುವುದು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಮಕ್ಕಳ ಜೀವನಾಂಶ ಇಲಾಖೆಯಲ್ಲಿ. ಕೌಂಟಿಯನ್ನು ನಮ್ಮ ಜಿಲ್ಲೆಯೆಂದುಕೊಳ್ಳಿ. ಆದರೆ ಜಿಲ್ಲಾಧಿಕಾರಿಗಳ ಸ್ಥಾನದಲ್ಲಿ ಜನರು ಆರಿಸಿದ ಮಂಡಳಿಯೊಂದು ಇರುತ್ತದೆ. ಆ ಮಂಡಳಿಯ ಸದಸ್ಯರನ್ನೂ ಸೂಪರ್‌ವೈಸರ್ ಎಂದೇ ಕರೆಯುವುದರಿಂದ, ನಾನೂ ಚುನಾವಣೆ ಗೆದ್ದವಳೆಂದು ನನ್ನ ತಾಯಿ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ದಯವಿಟ್ಟು ನಂಬಬೇಡಿ. ನನ್ನ ಕೈಕೆಳಗೆ ಇರುವವರು ಹನ್ನೊಂದು ಜನ ಕೇಸ್ ವರ್ಕರ್‌ಗಳು, ಒಬ್ಬೊಬ್ಬರ ಪಾಲಿಗೆ ನೂರಾರು ಕೇಸುಗಳು.

ನಮ್ಮೂರಿನಲ್ಲಿ ಗಂಡ ಬಿಟ್ಟುಹೋದ ಹೆಣ್ಣುಮಗಳು ಜೀವನಾಂಶ ಪಡೆಯಬೇಕಾದರೆ ತಾನೇ ವಕೀಲರನ್ನು ಹಿಡಿದು, ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಎನ್ನುತ್ತಿದ್ದ, 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 144 ಆಗಿರುವ ಕಲಮಿನಡಿ ಅರ್ಜಿ ಹಾಕಬೇಕು. ಆದೇಶವಾದ ಮೇಲೂ ಆತ ಕೊಡದಿದ್ದರೆ ಮತ್ತೆ ತಾನೇ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಮೆರಿಕದಲ್ಲಿ 1975ರ ಕಾನೂನಿನ ನಂತರ ಆ ಓಡಾಟವನ್ನು ಸರ್ಕಾರಿ ಕಚೇರಿಯೇ ಹೊತ್ತುಕೊಂಡಿದೆ. ತಂದೆ ಎಲ್ಲಿದ್ದಾನೆಂದು ಹುಡುಕುವುದು, ಪಿತೃತ್ವದ ಬಗ್ಗೆ ತಕರಾರಿದ್ದರೆ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ಡಿಎನ್‌ಎ ಪರೀಕ್ಷೆ ಮಾಡಿಸುವುದು, ಆದೇಶ ಪಡೆಯುವುದು, ಆಮೇಲೆ ಸಂಬಳದಲ್ಲಿಯೇ ಹಣ ಮುರಿದುಕೊಳ್ಳುವುದು, ಎಲ್ಲವೂ ಕಚೇರಿಯ ಕೆಲಸ. ಹೊಸಬರನ್ನು ಸೇರಿಸಿಕೊಂಡ ಮಾಲೀಕನು 20 ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿರುವುದರಿಂದ, ಕೆಲಸ ಬದಲಿಸಿ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಬಾಕಿ 2,500 ಡಾಲರ್ ದಾಟಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ, ವಾಹನ ಪರವಾನಗಿಯನ್ನೂ ತಡೆಹಿಡಿಯಬಹುದು, ತೆರಿಗೆಯಲ್ಲಿ ವಾಪಸು ಬರಬೇಕಾದ ಹಣವನ್ನು ನಡುವೆಯೇ ಹಿಡಿದುಕೊಳ್ಳಬಹುದು. ಈ ಕಚೇರಿಗಳ ಖರ್ಚಿನಲ್ಲಿ ನೂರಕ್ಕೆ 66 ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ.

ಇಷ್ಟು ಕೇಳಿದವರಿಗೆ ಇದು ತಾಯಂದಿರ ಪರವಾದ ಕಚೇರಿ ಎನಿಸುತ್ತದೆ. ನಾನೂ ಹಾಗೆಯೇ ತಿಳಿದು ಸೇರಿದ್ದೆ. ಕಾನೂನಿನ ಪ್ರಕಾರ ನಾವು ತಾಯಿಯ ವಕೀಲರೂ ಅಲ್ಲ, ತಂದೆಯ ವಕೀಲರೂ ಅಲ್ಲ. ಅಲ್ಲಿ ಮೇಲ್ವಿಚಾರಣೆಯ ಕಷ್ಟವೆಲ್ಲ ಇರುವುದು ಇದರಲ್ಲಿಯೇ. ಸಿಬ್ಬಂದಿ ಸಮಯಕ್ಕೆ ಬರುತ್ತಾರೆಯೇ, ಕಡತ ಮುಗಿಸುತ್ತಾರೆಯೇ ಎಂದು ನೋಡಲು ಯಂತ್ರವೇ ಸಾಕು. ಅವರ ಮನಸ್ಸು ಯಾವ ಕಡೆ ವಾಲುತ್ತಿದೆ ಎಂದು ನೋಡುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದಾರೆ.

ಒಂದು ಸಂಗತಿ ಹೇಳುತ್ತೇನೆ, ಗುರುತು ಸಿಗುವ ವಿವರಗಳನ್ನು ಬಿಟ್ಟು. ನನ್ನ ತಂಡದಲ್ಲಿ ಚುರುಕಾದ ಹುಡುಗಿಯೊಬ್ಬಳಿದ್ದಳು. ವಸೂಲಿಯಲ್ಲಿ ತಿಂಗಳು ತಿಂಗಳೂ ಅವಳ ಅಂಕವೇ ಮುಂದು. ನಾನು ಪ್ರತಿ ತಿಂಗಳು ಒಬ್ಬೊಬ್ಬರ ಕೆಲವು ಕೇಸುಗಳನ್ನು ತೆಗೆದು ಓದುವ ಪದ್ಧತಿಯಿದೆ. ಅವಳ ಒಂದು ಕೇಸಿನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಮೂರು ಟಿಪ್ಪಣಿಗಳಿದ್ದವು, ಮೂರೂ ಒಂದೇ ಬಗೆಯವು: ‘ತಂದೆ ಕರೆ ಮಾಡಿದ್ದರು. ಗೋದಾಮಿನ ಕೆಲಸ ಹೋಗಿದೆ ಎಂದರು. ಕಟ್ಟಲೇಬೇಕೆಂದು ತಿಳಿಸಿದೆ.’ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೆಲಸ ಹೋದವನು ಮೊತ್ತವನ್ನು ಪರಿಶೀಲಿಸುವಂತೆ ಕೇಳಿಕೊಳ್ಳಬಹುದು ಎಂಬ ಒಂದು ವಾಕ್ಯವನ್ನು ಅವಳು ಮೂರು ಸಲವೂ ನುಂಗಿಕೊಂಡಿದ್ದಳು. ಆದೇಶದ ಮೊತ್ತ ತಾನಾಗಿ ಇಳಿಯುವುದಿಲ್ಲ. ಅಲ್ಲಿಯ ಕೇಂದ್ರ ಕಾನೂನಿಗೆ 1986ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಒಮ್ಮೆ ಬಾಕಿಯಾಗಿ ನಿಂತ ಕಂತನ್ನು ನ್ಯಾಯಾಧೀಶರು ಕೂಡ ಹಿಂದಿನ ದಿನಾಂಕಕ್ಕೆ ಹೋಗಿ ಕಡಿಮೆ ಮಾಡುವಂತಿಲ್ಲ. ಅರ್ಜಿ ಬಿದ್ದ ಮೇಲಿನ ಕಂತುಗಳಿಗೆ ಮಾತ್ರ ವಿನಾಯಿತಿ ಸಿಕ್ಕೀತು. ಕ್ಯಾಲಿಫೋರ್ನಿಯಾದಲ್ಲಿ ಆ ಬಾಕಿಗೆ ವರ್ಷಕ್ಕೆ ಶೇಕಡಾ 10ರಂತೆ ಬಡ್ಡಿ ಬೇರೆ. ಅಂದರೆ ಅವಳು ಬಾಯಿ ಬಿಡದ ಮೂರು ತಿಂಗಳು ಆ ಮನುಷ್ಯನ ತಲೆಯ ಮೇಲೆ ಸಾಲವಾಗಿ ಕೂತಿತ್ತು.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವಳನ್ನು ಕೂರಿಸಿಕೊಂಡು, ಆ ಮೂರು ಟಿಪ್ಪಣಿಗಳನ್ನು ಮುದ್ರಿಸಿ ಅವಳ ಮುಂದಿಟ್ಟು, ಗಟ್ಟಿಯಾಗಿ ಓದಲು ಹೇಳಿದೆ. ಎರಡನೆಯದಕ್ಕೇ ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ, ‘ನನ್ನಪ್ಪನೂ ಪ್ರತಿ ಸಲ ಕೆಲಸ ಹೋಗಿದೆ ಅಂತಲೇ ಹೇಳುತ್ತಿದ್ದ’ ಎಂದಳು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಪರಿಶೀಲನೆಯ ಫಾರಂ ಅಂದು ಸಂಜೆಯೊಳಗೆ ಹೋಗಬೇಕೆಂದಷ್ಟೇ ಹೇಳಿದೆ, ಹೋಯಿತು. ನಡೆದ ಮಾತುಕತೆಯನ್ನು ಮರುದಿನ ಒಂದು ಪುಟದಲ್ಲಿ ಬರೆದು ಅವಳಿಗೊಂದು ಪ್ರತಿ ಕೊಟ್ಟು ಸಹಿ ಪಡೆದೆ. ಎರಡು ವಾರ ಅವಳು ಕೆಲಸದ ಮಾತು ಬಿಟ್ಟು ನನ್ನೊಡನೆ ಬೇರೇನೂ ಮಾತಾಡಲಿಲ್ಲ. ಆ ಮೂರು ತಿಂಗಳ ಬಾಕಿಯನ್ನು ಮಾತ್ರ ಯಾರೂ ಅಳಿಸಲಾಗಲಿಲ್ಲ.

ಬಾಗಿಲು ಮುಚ್ಚಿದ ಕೋಣೆ ಎಂದು ಸುಮ್ಮನೆ ಬರೆಯಲಿಲ್ಲ. ನನ್ನ ತಂದೆ ನಮ್ಮೂರಿನ ಬಟ್ಟೆ ಗಿರಣಿಯಲ್ಲಿ ಜಾಬರ್, ಅಂದರೆ ಕಾರ್ಮಿಕರ ಮೇಸ್ತ್ರಿ ಆಗಿದ್ದರು. ನೂಲುವ ಖಾತೆಯಲ್ಲಿ ಯಂತ್ರಗಳ ಸದ್ದನ್ನೂ ಮೀರಿ ಬೈಯುವುದೇ ಅವರಿಗೆ ಗೊತ್ತಿದ್ದ ಮೇಲ್ವಿಚಾರಣೆ; ಬೈಸಿಕೊಂಡವರೇ ಸಂಜೆ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಸೂಪರ್‌ವೈಸರ್ ಆದ ಮೊದಲ ವರ್ಷ ನಾನೂ ಒಬ್ಬಾಕೆಯನ್ನು ಎಲ್ಲರೆದುರು, ಅದೂ ದನಿಯೆತ್ತದೆ, ‘ಇದನ್ನು ಎಷ್ಟು ಸಲ ಹೇಳಬೇಕು’ ಎಂದು ಕೇಳಿದೆ. ನಮ್ಮ ಲೆಕ್ಕದಲ್ಲಿ ಅದು ಬೈಗುಳವೇ ಅಲ್ಲ. ಮೂರನೆಯ ದಿನ ನೌಕರರ ಸಂಘದ ಪ್ರತಿನಿಧಿ ಲಿಖಿತ ದೂರಿನೊಂದಿಗೆ ಬಂದು ಕೂತರು. ದೂರು ನಾನು ಕ್ಷಮೆ ಕೇಳುವುದರೊಂದಿಗೆ ಮುಗಿಯಿತು, ಆದರೆ ಆಕೆ ವರ್ಗಾವಣೆ ಕೇಳಿಕೊಂಡು ಹೋದರು. ಇವತ್ತಿಗೂ ಆ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಆಕೆಯ ಕೆಲಸದಲ್ಲಿ ತಪ್ಪಿತ್ತು, ಆ ತಪ್ಪು ನನ್ನ ತಪ್ಪಿನಡಿ ಮುಚ್ಚಿಹೋಯಿತು.

ಅಲ್ಲಿ ಕಾಯಂ ಆದ ಸರ್ಕಾರಿ ನೌಕರರನ್ನು ತೆಗೆಯುವುದು ಸುಲಭವೆಂದು ಇಲ್ಲಿಯವರು ತಿಳಿದಿರುವುದು ತಪ್ಪು. ಖಾಸಗಿ ಕಂಪನಿಯ ಕಥೆ ಬೇರೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ವಜಾ ಮಾಡುವ ಮೊದಲು ಕಾರಣವನ್ನೂ ಅದಕ್ಕೆ ಆಧಾರವಾದ ಕಾಗದಗಳನ್ನೂ ನೌಕರರಿಗೆ ಕೊಟ್ಟು ಉತ್ತರಕ್ಕೆ ಅವಕಾಶ ಮಾಡಿಕೊಡಬೇಕು. ನಮ್ಮ ‘ಕಾರಣ ಕೇಳಿ ನೋಟಿಸ್’ ನೋಡಿದವರಿಗೆ ಇದು ಹೊಸದಲ್ಲ. ಹೊಸದೆಂದರೆ, ಅದಕ್ಕೆ ಬಹಳ ಹಿಂದಿನಿಂದಲೇ ಬರೆಯುತ್ತಾ ಬರಬೇಕಾದ ಶಿಸ್ತು. ಚೆನ್ನಾಗಿ ಮಾಡಿದ್ದನ್ನೂ ಅಂದಂದೇ ಬರೆಯಬೇಕು. ತಪ್ಪನ್ನು ಮಾತ್ರ ಬರೆದಿಡುವ ಮೇಲ್ವಿಚಾರಕರನ್ನು ಸಂಘದವರು ಮೊದಲ ಸಭೆಯಲ್ಲೇ ಗುರುತಿಸಿಬಿಡುತ್ತಾರೆ, ಅದು ನ್ಯಾಯವೂ ಹೌದು.

ಇನ್ನು ಅಂಕಿಗಳ ವಿಷಯ. ಪಿತೃತ್ವ ನಿರ್ಣಯ, ಆದೇಶ, ಚಾಲ್ತಿ ಕಂತಿನ ವಸೂಲಿ, ಬಾಕಿಯ ವಸೂಲಿ, ಖರ್ಚಿಗೆ ತಕ್ಕ ಗಳಿಕೆ ಎಂಬ ಐದು ಅಳತೆಗಳ ಮೇಲೆ ಕೇಂದ್ರ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಹೀಗಾಗಿ ಸುಲಭವಾಗಿ ಹಣ ಬರುವ ಕೇಸುಗಳನ್ನು ಮೊದಲು ಮುಟ್ಟುವ, ಜೈಲಿನಲ್ಲಿರುವವರ, ಮನೆಯಿಲ್ಲದವರ ಕೇಸುಗಳನ್ನು ಅಡಿಗೆ ಸರಿಸುವ ಚಾಳಿ ಎಲ್ಲರಿಗೂ ಬರುತ್ತದೆ. ಅಂಗನವಾಡಿ ಮಕ್ಕಳ ವಿವರ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತೂಕ ತುಂಬುವುದೇ ಬೇರೆ, ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ನೋಡುವುದೇ ಬೇರೆ ಎಂದು ನೀವೇ ಅಂದು ಹೇಳಿದಿರಲ್ಲ, ಆ ಕಣ್ಣು ನಿಮಗಿದೆ. ಅಲ್ಲಿಗೆ ಒಯ್ಯಬೇಕಾದ ವಸ್ತುಗಳಲ್ಲಿ ಉಪ್ಪಿನಕಾಯಿಗಿಂತ ಅದು ಹೆಚ್ಚು ಬಾಳಿಕೆ ಬರುತ್ತದೆ.

ನಮ್ಮವರ ನಡುವೆ ಬದುಕುವಾಗಿನ ಒಂದು ಇಕ್ಕಟ್ಟನ್ನೂ ಹೇಳಬೇಕು. ನಮ್ಮ ಕಂಪ್ಯೂಟರಿನಲ್ಲಿ ಯಾರು ಯಾವ ಹೆಸರನ್ನು ಯಾವಾಗ ತೆರೆದರೆಂಬುದು ದಾಖಲಾಗುತ್ತದೆ. ಕೆಲಸಕ್ಕೆ ಸಂಬಂಧವಿಲ್ಲದ ಕೇಸನ್ನು, ಅದರಲ್ಲೂ ಬಂಧುಗಳ ಕೇಸನ್ನು ತೆರೆದು ನೋಡಿದರೆ ಕೆಲಸ ಹೋಗಬಹುದು. ತೆರಿಗೆ ಇಲಾಖೆಯಿಂದ ಬಂದ ಮಾಹಿತಿಯಾದರೆ ಅದು ಅಪರಾಧವೇ ಆಗುತ್ತದೆ. ಹೊಡೆತ ತಿಂದು ಓಡಿಬಂದ ತಾಯಂದಿರ ವಿಳಾಸ ನಮ್ಮಲ್ಲಿರುತ್ತದೆ, ಅದು ಬಾಯಿ ತಪ್ಪಿದರೆ ಜೀವಕ್ಕೇ ಕುತ್ತು. ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ, ಹತ್ತು ವರ್ಷದ ಗೆಳತಿಯೊಬ್ಬರು ‘ನಮ್ಮ ನಾದಿನಿಯ ಕೇಸು ಎಲ್ಲಿಗೆ ಬಂತು, ಸ್ವಲ್ಪ ನೋಡಿ ಹೇಳ್ರಿ’ ಎಂದು ಕೇಳಿದರು. ಆಗುವುದಿಲ್ಲ ಎಂದೆ. ‘ದಾವಣಗೆರೆಯವರು ಹೀಗಲ್ಲ ಬಿಡ್ರಿ’ ಎಂದು ಎಲೆ ಮಡಚಿ ಎದ್ದವರು ಈಗ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಾರೆ. ಇದಕ್ಕೆ ನಿಮ್ಮ ಮನಸ್ಸನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ.

ಮಾತು ಕೇಳುತ್ತಾರೆಯೇ ಎಂದಿರಿ. ನಮ್ಮ ಉಚ್ಚಾರಣೆ ಮೊದಲ ಕೆಲವು ತಿಂಗಳು ಅಡ್ಡ ಬರುತ್ತದೆ, ಆಮೇಲೆ ಯಾರೂ ಗಮನಿಸುವುದಿಲ್ಲ. ನಿರ್ದೇಶಕರನ್ನೂ ಹೆಸರು ಹಿಡಿದು ಕರೆಯುವುದು ಅಲ್ಲಿಯ ರೂಢಿ. ನಿಮ್ಮನ್ನು ‘ಮೇಡಂ’ ಎನ್ನುವವರು ಯಾರೂ ಇರುವುದಿಲ್ಲವೆಂದು ಬೇಸರಿಸಬೇಡಿ.

ಕೆಲಸ ಸಿಗುವ ಬಗೆಗೆ ನೇರವಾಗಿ ಹೇಳುತ್ತೇನೆ: ಹೋದ ಕೂಡಲೇ ಸೂಪರ್‌ವೈಸರ್ ಹುದ್ದೆ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಇಂಥ ಹುದ್ದೆಗಳಿಗೆ ಸಾಮಾನ್ಯವಾಗಿ ಪೌರತ್ವ ಬೇಕಾಗುವುದಿಲ್ಲ, ಆದರೆ ಕೌಂಟಿಯ ಪರೀಕ್ಷೆ ಬರೆದು, ಬೆರಳ ಗುರುತು ಕೊಟ್ಟು, ಗುಮಾಸ್ತರ ಹುದ್ದೆಯಿಂದಲೋ ಕೇಸ್ ವರ್ಕರ್ ಹುದ್ದೆಯಿಂದಲೋ ಶುರು ಮಾಡಬೇಕು. ನಾನು ಫೋನು ಎತ್ತುವ ಮೇಜಿನಿಂದ ಈ ಕುರ್ಚಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. ನಿಮಗೆ ಅಷ್ಟು ಬೇಕಾಗಲಾರದು. ನಿಮ್ಮ ಪದವಿಯನ್ನು ಅಲ್ಲಿಯ ಮಟ್ಟಕ್ಕೆ ತಾಳೆ ನೋಡುವ ಸಂಸ್ಥೆಗಳಿವೆ, ಅದಕ್ಕೆ ವಿಶ್ವವಿದ್ಯಾಲಯದಿಂದ ಎಲ್ಲ ವರ್ಷಗಳ ಅಂಕಪಟ್ಟಿಯ ದೃಢೀಕೃತ ಪ್ರತಿಗಳನ್ನು ಮುಚ್ಚಿದ ಲಕೋಟೆಯಲ್ಲಿ ತೆಗೆದುಕೊಳ್ಳಿ. ರಾಜೀನಾಮೆ ಬರೆಯುವ ಮುನ್ನ ದೀರ್ಘ ರಜೆಯ ನಿಯಮವೇನಿದೆಯೆಂದು ನಿಮ್ಮ ಕಚೇರಿಯಲ್ಲಿ ವಿಚಾರಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಂದ ಇಂಗ್ಲಿಷಿನಲ್ಲಿ ಸೇವಾ ಪ್ರಮಾಣಪತ್ರ ಪಡೆಯಿರಿ. ‘ಇವರು ಮೇಲ್ವಿಚಾರಕಿಯಾಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಪತ್ರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎಷ್ಟು ಕೇಂದ್ರಗಳು, ಎಷ್ಟು ಕಾರ್ಯಕರ್ತೆಯರು ಮತ್ತು ಸಹಾಯಕಿಯರು, ತಿಂಗಳಿಗೆ ಎಷ್ಟು ಭೇಟಿ, ಯಾವ ದಾಖಲೆಗಳ ತಪಾಸಣೆ, ಎಷ್ಟು ತರಬೇತಿ ಎಂದು ಬಿಡಿಬಿಡಿಯಾಗಿ ಇರಬೇಕು. ಕರಡನ್ನು ನೀವೇ ಬರೆದು ನಾಳಿದ್ದು ಸಂಜೆ ಮನೆಗೆ ತನ್ನಿ; ಶುಕ್ರವಾರ ನಾನು ಬೆಂಗಳೂರಿನ ರೈಲು ಹತ್ತುವುದರೊಳಗೆ ಇಬ್ಬರೂ ಕೂತು ತಿದ್ದೋಣ.