ಎರಡು ಜೊತೆ ನೈಟ್ರೈಲ್ ಗ್ಲೌಸ್ ಹಾಕಿದರೆ ಸಾಕೇ?

ತೀವ್ರ ವಿಷದ ರಾಸಾಯನಿಕವನ್ನು ದ್ರಾವಕದಲ್ಲಿ ಕರಗಿಸಿ ಬಳಸಬೇಕಿದೆ, ಲ್ಯಾಬಿನಲ್ಲಿರುವ ತೆಳು ನೀಲಿ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸನ್ನೇ ಎರಡು ಜೊತೆ ಹಾಕಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ದ್ರಾವಕ ಯಾವುದೆಂದು ಬರೆದಿಲ್ಲ. ಉತ್ತರವೆಲ್ಲ ಅಲ್ಲೇ ಇದೆ, ಏಕೆಂದರೆ ಎಷ್ಟೋ ಸಲ ವಿಷವನ್ನು ಗ್ಲೌಸಿನ ಒಳಗೆ ಕರೆದೊಯ್ಯುವುದೇ ದ್ರಾವಕ.

ನಾನು ಲ್ಯಾಬಿಗೆ ಹೊಸಬನಾಗಿದ್ದಾಗ ಡೈಕ್ಲೋರೋಮೀಥೇನ್ ಎಂಬ ದ್ರಾವಕ ತುಂಬಿದ ಸೆಪರೇಟಿಂಗ್ ಫನಲ್ (ಬೆರೆಯದ ದ್ರವಗಳನ್ನು ಬೇರ್ಪಡಿಸುವ ಗಾಜಿನ ಪಾತ್ರೆ) ಕುಲುಕುತ್ತಿದ್ದೆ. ಬಿರಡೆಯ ಪಕ್ಕದಿಂದ ಸೋರಿ ಕಿರುಬೆರಳಿನ ಸಂದಿಗೆ ಇಳಿಯಿತು. ಮೊದಲು ತಣ್ಣಗೆ, ಆಮೇಲೆ ಚುರುಚುರು ಉರಿ. ಕಳಚಿ ನೋಡಿದರೆ ಗ್ಲೌಸಿನಲ್ಲಿ ತೂತಿಲ್ಲ, ಹರಿದೂ ಇಲ್ಲ. ಆ ಜಾಗ ಮಾತ್ರ ಉಬ್ಬಿ ಸುಕ್ಕುಗಟ್ಟಿತ್ತು. ದ್ರವ ರಬ್ಬರಿನೊಳಗೇ ಇಂಗಿ ಆಚೆ ದಾಟಿತ್ತು. ನೀರು ತುಂಬಿಸಿಯೋ ಗಾಳಿ ಊದಿಯೋ ಪರೀಕ್ಷಿಸಿದರೆ ಇದು ಗೊತ್ತಾಗುವುದೇ ಇಲ್ಲ.

ಇದರ ಭೀಕರ ಉದಾಹರಣೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್. 1996ರ ಆಗಸ್ಟ್‌ನಲ್ಲಿ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಮಾರಕ ಪಾದರಸ ಸಂಯುಕ್ತದ ಕೆಲವೇ ಹನಿ ಬಿದ್ದವು. ಕೆಲಸ ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ ನಡೆದಿತ್ತು. ತಿಂಗಳುಗಟ್ಟಲೆ ಏನೂ ತಿಳಿಯಲಿಲ್ಲ. 1997ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಪರೀಕ್ಷಿಸಿದಾಗ ಆ ದ್ರವ ಅಂಥ ತೆಳು ಗ್ಲೌಸನ್ನು 15 ಸೆಕೆಂಡಿನೊಳಗೆ ದಾಟುತ್ತಿತ್ತು.

ಹಾಗಾಗಿ ತಯಾರಕರ ಚಾರ್ಟ್‌ನಲ್ಲಿ ನಿಮ್ಮ ಮಾಡೆಲ್‌ಗೇ, ಅದೇ ದಪ್ಪಕ್ಕೇ ಕೊಟ್ಟ ಬ್ರೇಕ್‌ಥ್ರೂ ಟೈಮ್ (ದ್ರವ ಗ್ಲೌಸನ್ನು ದಾಟಲು ಹಿಡಿಯುವ ಸಮಯ) ನೋಡಿ. ಬೇರೆ ಕಂಪನಿಯ ನೈಟ್ರೈಲ್ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಪೆಟ್ಟಿಗೆಯ ಮೇಲೆ ಫ್ಲಾಸ್ಕ್ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಿದ್ದರೆ ಅವೂ ಉಪಯೋಗಕ್ಕೆ ಬರುತ್ತವೆ: 'ಬಿ' ಅಸಿಟೋನ್, 'ಡಿ' ಡೈಕ್ಲೋರೋಮೀಥೇನ್, 'ಎಫ್' ಟಾಲ್ಯೂಯಿನ್. ಅಕ್ಷರವಿದೆ ಅಂದರೆ ಆ ರಾಸಾಯನಿಕಕ್ಕೆ ಕನಿಷ್ಠ 30 ನಿಮಿಷ ತಡೆದಿದೆ. ಅದೂ ಸುಮಾರು 23 ಡಿಗ್ರಿಯಲ್ಲಿ, ಎಳೆಯದೆ, ಮಡಚದೆ. ನಿಮ್ಮ ಕೈ ಬಿಸಿಯಿರುತ್ತದೆ, ಬೆರಳು ಸುಮ್ಮನಿರುವುದಿಲ್ಲ. ಚಾರ್ಟ್‌ನ ನಿಮಿಷಗಳನ್ನು ಪೂರ್ತಿ ಖರ್ಚು ಮಾಡಬೇಡಿ.

ಒರಟಾಗಿ ಹೇಳುವುದಾದರೆ ಅಸಿಟೋನ್‌ನಂಥ ಕೀಟೋನ್‌ಗಳಿಗೆ ಬ್ಯೂಟೈಲ್ ರಬ್ಬರ್, ಟಾಲ್ಯೂಯಿನ್‌ನಂಥವಕ್ಕೆ ವೈಟಾನ್ ಎಂಬ ಕೃತಕ ರಬ್ಬರಿನ ಗ್ಲೌಸ್. ವೈಟಾನ್ ಕೀಟೋನ್‌ಗೆ ಹಾಕಿದರೆ ಕೆಟ್ಟಿತು.

ಎರಡು ಜೊತೆಯ ಉಪಾಯ ಕೆಟ್ಟದ್ದೇನಲ್ಲ, ಆದರೆ ಒಂದೇ ವಸ್ತುವಿನ ಎರಡು ತೆಳು ಪದರದಿಂದ ಸಿಗುವ ಹೆಚ್ಚುವರಿ ಸಮಯ ಕಮ್ಮಿ. ನಿಜಕ್ಕೂ ಮಾರಕ ವಸ್ತುವಾದರೆ ಒಳಗೆ ಪ್ಲಾಸ್ಟಿಕ್ ಪದರಗಳ ಲ್ಯಾಮಿನೇಟ್ ಗ್ಲೌಸ್, ಮೇಲೆ ಉದ್ದ ತೋಳಿನ ದಪ್ಪ ನೈಟ್ರೈಲ್ ಅಥವಾ ನಿಯೋಪ್ರೀನ್ ರಬ್ಬರಿನ ಗ್ಲೌಸ್ ಹಾಕುತ್ತೇನೆ. ಲ್ಯಾಮಿನೇಟ್ ಕೈಗೆ ಚೀಲ ತೊಡಿಸಿದ ಹಾಗಿರುತ್ತದೆ, ಪಿಪೆಟ್ ಹಿಡಿಯಲು ಬೇಸರ. ಮೇಲಿನದು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ವಿಷವಿಲ್ಲದ ನೀರಿನಲ್ಲಿ ಒಮ್ಮೆ ಇಡೀ ಕೆಲಸ ಮಾಡಿ ನೋಡಿ. ಮೇಲೆ ಹನಿ ಬಿದ್ದರೆ "ಇದೊಂದು ಮುಗಿಸಿಬಿಡೋಣ" ಅನ್ನದೆ, ಹೊರಮೈ ಚರ್ಮಕ್ಕೆ ತಾಗದಂತೆ ಕಳಚಿ, ಕೈ ತೊಳೆದು ಹೊಸದು ಹಾಕಿ.

ದ್ರಾವಕದ ಹೆಸರು, ಪೆಟ್ಟಿಗೆಯ ಮೇಲಿನ ಮಾಡೆಲ್ ನಂಬರ್ ಬರೆಯಿರಿ. ಅದಿಲ್ಲದೆ ಸಾಕು ಅನ್ನುವ ಮಾತು ನನ್ನಿಂದ ಬರುವುದಿಲ್ಲ.